ಹುರುಳಿಕಾಳಿನಷ್ಟು ಕಣ್ಣು

ವಿಡಿಯೊ ಕ್ಯಾಮೆರಾ ಮಾರುವವರು ಡಬ್ಬಿಯ ಮೇಲೆ ದೊಡ್ಡಕ್ಷರದಲ್ಲಿ ಅಚ್ಚು ಹಾಕಿಸುವುದು ಎರಡೇ ಸಂಗತಿ: ಎಷ್ಟು ಪಿಕ್ಸೆಲ್, ಎಷ್ಟು ಜಿಬಿ. ಒಳಗೆ ಬೆಳಕು ಬೀಳುವ ಸೆನ್ಸರ್ ಎಷ್ಟು ಅಗಲ ಎಂದು ತಿಳಿಯಬೇಕಾದರೆ ಕೈಪಿಡಿಯ ಕೊನೆಯ ಪುಟ ಹುಡುಕಬೇಕು. ಅಗ್ಗದ ಮಾಲಾದರೆ ಅಲ್ಲೂ ಸಿಗುವುದಿಲ್ಲ. ಮಾರುವವರ ಜಾಣತನ ಅದು. ಏಕೆಂದರೆ ಜೇಬಿಗಿಳಿಯುವ ಕ್ಯಾಮೆರಾದ ಒಳ್ಳೆಯದು ಕೆಟ್ಟದ್ದು ಎರಡೂ ಆ ಅಗಲದಿಂದಲೇ ಹುಟ್ಟುತ್ತವೆ.

ಇಂಥ ಕ್ಯಾಮೆರಾಗಳಲ್ಲಿ ತುಂಬ ಬಳಕೆಯಾದ ಒಂದು ಸೆನ್ಸರಿನ ಅಳತೆ ಹೆಚ್ಚುಕಡಿಮೆ 3.2 ಮಿಲಿಮೀಟರ್ ಉದ್ದ, 2.4 ಮಿಲಿಮೀಟರ್ ಅಗಲ. ಚಾಮರಾಜನಗರದ ಒಣ ಹೊಲಗಳಲ್ಲಿ ಬೆಳೆಯುವ ಹುರುಳಿಯ ಒಂದು ಕಾಳು ಇಟ್ಟರೆ ಮುಚ್ಚಿಹೋಗುತ್ತದೆ. ಮದುವೆ ಫೋಟೊದವರು ಹಿಡಿಯುವ ದೊಡ್ಡ ಕ್ಯಾಮೆರಾಗಳ ಪೈಕಿ ಫುಲ್ ಫ್ರೇಮ್ ಎನ್ನುವುದರ ಸೆನ್ಸರ್ 36 ಮಿಲಿಮೀಟರ್‌ಗೆ 24 ಮಿಲಿಮೀಟರ್. ಗುಣಿಸಿ ನೋಡಿದರೆ ಇದಕ್ಕಿಂತ ಅದು ನೂರು ಪಟ್ಟಿಗೂ ಹೆಚ್ಚು ವಿಸ್ತಾರ.

ಜೇಬಿನ ವಿಡಿಯೊ ಕ್ಯಾಮೆರಾದ ಕತೆ ಚಿಕ್ಕದು. ಸೋನಿ ಕಂಪನಿ 1985ರಲ್ಲಿ ಹ್ಯಾಂಡಿಕ್ಯಾಮ್ ಎಂಬ ಹೆಸರಿನ ಕ್ಯಾಮೆರಾ ತಂದು, ಹೆಗಲ ಮೇಲಿನ ಭಾರವನ್ನು ಅಂಗೈಗೆ ಇಳಿಸಿತು. ಆದರೂ ಟೇಪು, ಚಾರ್ಜರು, ವೈರುಗಳ ಸಂಸಾರ ತಪ್ಪಲಿಲ್ಲ. ಅದನ್ನು ತಪ್ಪಿಸಿದ್ದು ಸ್ಯಾನ್‌ ಫ್ರಾನ್ಸಿಸ್ಕೊದ ಪ್ಯೂರ್ ಡಿಜಿಟಲ್ ಕಂಪನಿ, 2007ರಲ್ಲಿ 'ಫ್ಲಿಪ್' ಎಂಬ ಹೆಸರಿನಲ್ಲಿ. ಬೆನ್ನ ಮೇಲೆ ಒಂದು ಕೆಂಪು ಗುಂಡಿ, ಮಗ್ಗುಲಿಂದ ಚಿಮ್ಮಿ ಬರುವ ಯುಎಸ್‌ಬಿ ಕಡ್ಡಿ. 'ಅಲ್ಟ್ರಾ' ಎಂಬ ಮಾದರಿಗೆ ಸಾಲುತ್ತಿದ್ದುದು ಯಾವ ಪೆಟ್ಟಿಗೆ ಅಂಗಡಿಯಲ್ಲೂ ಸಿಗುವ ಎರಡು ಪೆನ್ಸಿಲ್ ಸೆಲ್ಲು. ಕೊಡಕ್ ಕಂಪನಿಯೂ ಹಿಂದೆ ಬೀಳಲಿಲ್ಲ. 2009ರಲ್ಲಿ ಸಿಸ್ಕೊ ಎಂಬ ದೈತ್ಯ ಕಂಪನಿ ಸುಮಾರು 59 ಕೋಟಿ ಡಾಲರ್ ಬೆಲೆಗೆ ಪ್ಯೂರ್ ಡಿಜಿಟಲನ್ನು ಕೊಂಡಿತು. ಎರಡೇ ವರ್ಷಕ್ಕೆ, 2011ರ ಏಪ್ರಿಲಿನಲ್ಲಿ, ಫ್ಲಿಪ್ ವ್ಯಾಪಾರ ಮುಚ್ಚುವುದಾಗಿ ಸಾರಿತು. ಅಷ್ಟರಲ್ಲಿ ಫೋನುಗಳೇ ವಿಡಿಯೊ ತೆಗೆಯತೊಡಗಿದ್ದವು.

ನಮ್ಮ ಕಡೆಗೆ ಇವು ಹೆಚ್ಚಾಗಿ ಬಂದದ್ದು ಅಮೆರಿಕದಿಂದ ರಜೆಗೆ ಬರುವ ನೆಂಟರ ಸೂಟ್‌ಕೇಸಿನಲ್ಲಿ, ಚಾಕೊಲೇಟಿನ ಜತೆ. ನನ್ನಲ್ಲಿರುವುದೂ ಅಂಥದೇ ಒಂದು. ಕಂಪನಿಯ ಹೆಸರು ಬೇಡ, ಜಾತಿ ಗೊತ್ತಾದರೆ ಸಾಕು: 1280ಕ್ಕೆ 720 ಪಿಕ್ಸೆಲ್, ಸೆಕೆಂಡಿಗೆ 30 ಚಿತ್ರ, 4 ಜಿಬಿ ಮೆಮೊರಿ, ಒಂದು ಗಂಟೆ ರೆಕಾರ್ಡಿಂಗ್. ಇದನ್ನು ಪರೀಕ್ಷೆಗೆ ಒಡ್ಡಲು ಪ್ರಯೋಗಾಲಯ ಬೇಕಿಲ್ಲ. ಚಾಮರಾಜನಗರದಿಂದ ತೆರಕಣಾಂಬಿ ಮಾರ್ಗವಾಗಿ ಗುಂಡ್ಲುಪೇಟೆಗೆ ಹೋಗಿ, ಹಂಗಳದಲ್ಲಿ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಕಡೆ ತಿರುಗಿ, ಸಂಜೆಗೆ ಬಂಡೀಪುರ ಸೇರಿದರೆ ಬೆಳಕಿನ ಎಲ್ಲ ಅವತಾರಗಳೂ ದಾರಿಯಲ್ಲೇ ಸಿಗುತ್ತವೆ.

ಮೊದಲು ಹೂವಿನ ಹೊಲ. ಮುಂಗಾರು ಹಿಡಿದ ಮೇಲೆ ಗುಂಡ್ಲುಪೇಟೆಯ ಸುತ್ತ ಸೂರ್ಯಕಾಂತಿ, ಚೆಂಡು ಹೂ ಅರಳಿ ನಿಂತಿರುತ್ತವೆ. ಓಣಂ ಹತ್ತಿರವಾದಂತೆ ಕೇರಳದ ಕಾರುಗಳು ರಸ್ತೆ ಬದಿಯಲ್ಲಿ ಸಾಲುಗಟ್ಟುತ್ತವೆ. ಹೊಲದೊಳಗೆ ಫೋಟೊಗೆ ಇಷ್ಟು ಎಂದು ಕಾಸು ಈಸಿಕೊಳ್ಳುವುದನ್ನೂ ರೈತರು ಕಲಿತಿದ್ದಾರೆ. ಬೆಳೆ ತುಳಿಸಿಕೊಂಡು ಸುಮ್ಮನಿರುವುದಕ್ಕಿಂತ ಅದೇ ಸರಿ. ಹಾಗೆ ಕಾಸು ಪಡೆದ ರೈತರೊಬ್ಬರು ನನ್ನ ಡಬ್ಬಿ ನೋಡಿ, "ಇದ್ಯಾನ ಸಾ, ಇದ್ರೊಳ್ಗ ವಿಡಿಯೊನೂ ಬತ್ತದಾ?" ಎಂದರು. ಒಂದೂವರೆ ಇಂಚಿನ ಪರದೆಗೆ ಕೈ ಅಡ್ಡ ಹಿಡಿದು ತೋರಿಸಿದೆ. "ಪಸಂದಾಗದ" ಎಂಬ ತೀರ್ಪು ಬಂತು.

ಅವರ ತೀರ್ಪು ತಪ್ಪಲ್ಲ. ಆಷಾಢದ ಮೋಡ ಸರಿದ ನಡುಹಗಲಲ್ಲಿ ಬೆಳಕಿನ ಅಳತೆ ಒಂದು ಲಕ್ಷ ಲಕ್ಸ್ ಮುಟ್ಟುತ್ತದೆ. ಅಷ್ಟು ಬೆಳಕಿದ್ದರೆ ಹುರುಳಿಕಾಳಿನ ಕಣ್ಣಿಗೂ ಹೊಟ್ಟೆ ತುಂಬ ಊಟ. ಸಣ್ಣ ಸೆನ್ಸರಿಗೆ ಸಣ್ಣ ಲೆನ್ಸು ಸಾಕು. ಕೆಲವೇ ಮಿಲಿಮೀಟರ್ ನಾಭಿದೂರದ ಆ ಲೆನ್ಸು, ಸುಮಾರು ಒಂದೂವರೆ ಮೀಟರಿನಾಚೆಯ ಗಿಡದಿಂದ ಹಿಡಿದು ದಿಗಂತದ ಬೆಟ್ಟದವರೆಗೆ ಎಲ್ಲವನ್ನೂ ಸ್ಪಷ್ಟವಾಗಿ ಮೂಡಿಸುತ್ತದೆ. ಫೋಕಸ್ ಮಾಡುವ ಮೋಟಾರೇ ಇಲ್ಲ, ಹಾಗಾಗಿ ಕೆಡುವುದಕ್ಕೂ ಏನಿಲ್ಲ. ಗುಂಡಿ ಒತ್ತಿದ ಕ್ಷಣವೇ ಚಿತ್ರ ಶುರು. ಆದರೆ ಹೂವಿನ ಮೇಲೆ ಕೂತ ಜೇನುಹುಳ ಬೇಕೆಂದು ಗೇಣು ದೂರಕ್ಕೆ ಹೋದಿರೋ, ಹುಳವೂ ಮಸುಕು, ಹೂವೂ ಮಸುಕು.

ಮನೆಗೆ ಬಂದು ಟಿವಿಗೆ ಜೋಡಿಸಿದಾಗ ಇನ್ನೊಂದು ಕೊರತೆ ಕಾಣುತ್ತದೆ. ಎಲೆಗಳು ಚೆನ್ನಾಗಿವೆ, ರಸ್ತೆ ಚೆನ್ನಾಗಿದೆ, ಆದರೆ ಚೆಂಡು ಹೂವಿನೊಳಗೆ ದಳಗಳಿಲ್ಲ! ಕಿತ್ತಳೆ ಬಣ್ಣ ಮೆತ್ತಿದ ಗುಂಡನೆಯ ಗುರುತು ಮಾತ್ರ. ಇದರ ಕಾರಣ ಹೂವಿನಲ್ಲೂ ಇದೆ, ಕ್ಯಾಮೆರಾದಲ್ಲೂ ಇದೆ. ಗುಂಡ್ಲುಪೇಟೆಯ ಚೆಂಡು ಹೂ ಬರೀ ಮಾಲೆಗೆ ಹೋಗುವುದಿಲ್ಲ. ಅದರಿಂದ ಲ್ಯೂಟಿನ್ ಎಂಬ ಹಳದಿ ವರ್ಣದ್ರವ್ಯ ತೆಗೆಯುತ್ತಾರೆ. ಕೋಳಿಯ ಮೇವಿಗೆ ಬೆರೆಸಿದರೆ ಮೊಟ್ಟೆಯ ಭಂಡಾರ ಚಿನ್ನದ ಬಣ್ಣಕ್ಕೆ ತಿರುಗುತ್ತದೆ, ಕಣ್ಣಿನ ಆರೋಗ್ಯದ ಹೆಸರಿನ ಮಾತ್ರೆಗಳಿಗೂ ಸೇರುತ್ತದೆ. ಈ ದ್ರವ್ಯ ನೀಲಿ ಬೆಳಕನ್ನು ಹೀರಿಕೊಂಡು ಕೆಂಪನ್ನೂ ಸಾಕಷ್ಟು ಹಸಿರನ್ನೂ ಹಿಂದಕ್ಕೆ ಎಸೆಯುತ್ತದೆ. ಕ್ಯಾಮೆರಾ ಹೊಲದ ಸರಾಸರಿ ಬೆಳಕು ಲೆಕ್ಕಹಾಕುತ್ತದಲ್ಲ, ಅದರಲ್ಲಿ ಎಲೆಗಳ ಕಡು ಹಸಿರಿಗೇ ಹೆಚ್ಚಿನ ಪಾಲು. ಎಲೆಗೆ ಸರಿಹೋಗುವಷ್ಟು ಬೆಳಕು ಒಳಬಿಟ್ಟರೆ ಹೂವಿನ ಕೆಂಪು ಅಂಶ ತುಂಬಿ ತುಳುಕುತ್ತದೆ. ತುಂಬಿದ ಮೇಲೆ ಹೊರದಳ, ಒಳದಳ ಎಂಬ ವ್ಯತ್ಯಾಸ ದಾಖಲಾಗುವುದಿಲ್ಲ.

ಅದರ ಮೇಲೆ ಇನ್ನೊಂದು ಪೆಟ್ಟು. ಕೊಡಕ್‌ನ ವಿಜ್ಞಾನಿ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಬಣ್ಣದ ಜಾಲರಿಯೇ ಇಂದಿಗೂ ಹೆಚ್ಚಿನ ಸೆನ್ಸರುಗಳ ಮುಂದೆ ಕೂತಿದೆ. ಅದರಲ್ಲಿ ಅರ್ಧ ಪಿಕ್ಸೆಲ್ ಹಸಿರಿಗೆ, ಕಾಲು ಭಾಗ ಕೆಂಪಿಗೆ, ಕಾಲು ಭಾಗ ನೀಲಿಗೆ ಮೀಸಲು. ವಿಡಿಯೊ ಕಡತ ಮಾಡುವಾಗ ಜಾಗ ಉಳಿಸಲೆಂದು ನಾಲ್ಕು ಪಿಕ್ಸೆಲಿಗೆ ಒಂದೇ ಬಣ್ಣದ ಮಾಹಿತಿ ಇಡುವುದೂ ಉಂಟು. ಬಣ್ಣದಿಂದಲೇ ಬದುಕುವ ಹೂವಿಗೆ ಹೀಗೆ ಎರಡು ಕಡೆ ಕತ್ತರಿ ಬೀಳುತ್ತದೆ. ತಮಾಷೆಯೆಂದರೆ ಲ್ಯೂಟಿನ್ ನಮ್ಮ ಕಣ್ಣಿನ ಅಕ್ಷಿಪಟಲದ ನಡುವಿನ ಹಳದಿ ಚುಕ್ಕೆಯಲ್ಲೂ ಇದೆ, ಅಲ್ಲಿಯೂ ನೀಲಿಯನ್ನೇ ಸೋಸುತ್ತದೆ. ಒಂದೇ ವಸ್ತು ನಮ್ಮ ಕಣ್ಣಿಗೆ ಕಾವಲು, ಕ್ಯಾಮೆರಾದ ಕಣ್ಣಿಗೆ ಕಾಟ.

ಗಾಳಿ ಬೀಸಿದರೆ ಇನ್ನೂ ಕಷ್ಟ. ಒಂದು ಚಿತ್ರದಲ್ಲಿ 9,21,600 ಪಿಕ್ಸೆಲ್. ಒಂದೊಂದಕ್ಕೂ ಮೂರು ಬೈಟ್. ಸೆಕೆಂಡಿಗೆ 30 ಚಿತ್ರ. ಅಂದರೆ ಸೆಕೆಂಡಿಗೆ ಸುಮಾರು 83 ಎಂಬಿ, ಗಂಟೆಗೆ 300 ಜಿಬಿಗೆ ಸಮೀಪ. ಅದನ್ನು 4 ಜಿಬಿಯೊಳಗೆ ತುರುಕಬೇಕಾದರೆ ಎಪ್ಪತ್ತೈದರಲ್ಲಿ ಒಂದು ಪಾಲು ಮಾತ್ರ ಉಳಿಸಿಕೊಳ್ಳಬೇಕು. 2003ರಲ್ಲಿ ರೂಪುಗೊಂಡ ಎಚ್.264 ಎಂಬ ಸಂಕೋಚನ ವಿಧಾನ ಇದನ್ನು ಮಾಡುವ ಬಗೆ ಹೀಗೆ: ಚಿತ್ರವನ್ನು ಚೌಕಗಳಾಗಿ ಒಡೆದು, ಈ ಚೌಕ ಹಿಂದಿನ ಚಿತ್ರದಲ್ಲಿ ಎಲ್ಲಿತ್ತು, ಎಷ್ಟು ಸರಿಯಿತು ಎಂದಷ್ಟೇ ಬರೆದಿಡುತ್ತದೆ. ನಿಂತ ಕಟ್ಟಡಕ್ಕೆ, ಕೂತು ಮಾತಾಡುವ ಮನುಷ್ಯರಿಗೆ ಇದು ಅಚ್ಚುಕಟ್ಟು. ಸಾವಿರಾರು ಹೂ ಒಂದೊಂದು ದಿಕ್ಕಿಗೆ ತಲೆದೂಗುವಾಗ ಹಿಂದಿನ ಚಿತ್ರದ ಆಧಾರ ಕೈಕೊಡುತ್ತದೆ. ಎಲ್ಲವನ್ನೂ ಹೊಸದಾಗಿ ಬರೆಯಲು ಬೈಟುಗಳ ಪಡಿತರ ಸಾಲುವುದಿಲ್ಲ. ದೂರದ ಸಾಲುಗಳು ಕಲಸಿಹೋಗುತ್ತವೆ. ಕ್ಯಾಮೆರಾವನ್ನು ಬೇಲಿ ಕಂಬಕ್ಕೆ ಒರಗಿಸಿ ಅಲುಗದಂತೆ ಹಿಡಿದರೆ ಅಷ್ಟರಮಟ್ಟಿಗೆ ವಾಸಿ. ಹೊಲದ ಈ ತುದಿಯಿಂದ ಆ ತುದಿಗೆ ಸರ್ರನೆ ತಿರುಗಿಸುವ ಚಪಲ ಮಾತ್ರ ಬೇಡ.

ಗೋಪಾಲಸ್ವಾಮಿ ಬೆಟ್ಟದಲ್ಲಿ ಲೆಕ್ಕ ತಿರುವುಮುರುವು. ಸಮುದ್ರಮಟ್ಟದಿಂದ 1,454 ಮೀಟರ್ ಎತ್ತರ. ಖಾಸಗಿ ವಾಹನಗಳನ್ನು ಬುಡದಲ್ಲೇ ಬಿಟ್ಟು ಸಾರಿಗೆ ಬಸ್ಸಿನಲ್ಲಿ ಮೇಲೇರಬೇಕು. ದೇವಸ್ಥಾನದ ಮೆಟ್ಟಿಲ ಮೇಲೆ ನಿಂತವರನ್ನು ಮಂಜು ಬಂದು ಮುಚ್ಚುತ್ತದೆ, ತೆರೆಯುತ್ತದೆ. ಇಲ್ಲಿ ದುಬಾರಿ ಕ್ಯಾಮೆರಾಗಳು ಎಡವುವುದನ್ನು ನೋಡಬೇಕು. ಆಟೊಫೋಕಸ್‌ಗೆ ಹಿಡಿದುಕೊಳ್ಳಲು ಒಂದು ಅಂಚು ಬೇಕು, ಬಿಳುಪು ಕಪ್ಪಿನ ಭೇದ ಬೇಕು. ಮಂಜಿನಲ್ಲಿ ಅದು ಸಿಗದೆ ಲೆನ್ಸು ಮುಂದೆ ಹಿಂದೆ ತಡಕಾಡುತ್ತದೆ, ಚಿತ್ರ ಉಸಿರಾಡಿದಂತಾಗುತ್ತದೆ. ಫೋಕಸ್ ಯಂತ್ರವೇ ಇಲ್ಲದ ಬಡ ಡಬ್ಬಿ ಮಾತ್ರ ಕದಲದೆ ನೋಡುತ್ತಿರುತ್ತದೆ. ಮಂಜಿನಲ್ಲಿ ಸೂಕ್ಷ್ಮ ವಿವರ ಕಡಿಮೆಯಾದ್ದರಿಂದ ಸಂಕೋಚನಕ್ಕೂ ಆರಾಮ. ಕೊರತೆ ಒಂದೇ: ಮಂಜು ಬೆಳ್ಳಗೆ ಬರುವುದಿಲ್ಲ. ಎದುರಿಗಿರುವುದೆಲ್ಲ ಸರಾಸರಿಯಲ್ಲಿ ಬೂದು ಬಣ್ಣದ್ದೆಂದು ನಂಬಿ ಬೆಳಕು ಅಳೆಯುವ ಯಂತ್ರ ಅದು. ಬಿಳಿಯನ್ನು ಕಂಡರೆ ಬೆಳಕು ಹೆಚ್ಚಾಯಿತೆಂದು ತಗ್ಗಿಸಿಬಿಡುತ್ತದೆ. ದೊಡ್ಡ ಕ್ಯಾಮೆರಾದಲ್ಲಿ ಇದನ್ನು ತಿದ್ದಲು ಒಂದು ಗಾಲಿ ಇರುತ್ತದೆ. ಇದರಲ್ಲಿ ಇರುವುದು ಕೆಂಪು ಗುಂಡಿ ಮಾತ್ರ. ಹಾಗಾಗಿ ಬೆಟ್ಟದ ಹಿಮವೆಲ್ಲ ಅಡುಗೆಮನೆ ಹೊಗೆಯ ಬಣ್ಣಕ್ಕೆ ಇಳಿಯುತ್ತದೆ.

ಬಸ್ಸಿನ ಕಿಟಕಿಯಿಂದ ತೆಗೆದ ವಿಡಿಯೊದಲ್ಲಿ ಮರಗಳು ಓರೆಯಾಗಿ ನಿಂತಿರುವುದನ್ನು ನೀವೂ ನೋಡಿರಬಹುದು. ಅಗ್ಗದ ಸೆನ್ಸರು ಇಡೀ ಚಿತ್ರವನ್ನು ಒಮ್ಮೆಗೇ ಹಿಡಿಯದೆ, ಮೇಲಿಂದ ಕೆಳಕ್ಕೆ ಸಾಲುಸಾಲಾಗಿ ಓದುತ್ತದೆ. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಸೆಕೆಂಡಿನ ಮೂವತ್ತನೇ ಒಂದು ಭಾಗವೇ ಕಳೆದಿರಬಹುದು. ಗಂಟೆಗೆ 30 ಕಿಲೊಮೀಟರ್ ವೇಗದ ಬಸ್ಸು ಅಷ್ಟರಲ್ಲಿ ಸುಮಾರು 28 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಮರದ ತುದಿ ಒಂದು ಕಡೆ, ಬುಡ ಇನ್ನೊಂದು ಕಡೆ. ಸಫಾರಿ ಗಾಡಿ ಗುಂಡಿಯಲ್ಲಿ ಇಳಿದೆದ್ದರಂತೂ ಇಡೀ ಕಾಡೇ ಬಳುಕುತ್ತದೆ. ನೂರು ಗ್ರಾಮಿನ ಆಸುಪಾಸು ತೂಗುವ ವಸ್ತುವಿಗೆ ಕೈನಡುಕವನ್ನು ತಡೆಯುವ ಭಾರವೂ ಇಲ್ಲ. ಹೆಗಲ ಮೇಲಿನ ಹಳೆಯ ಕ್ಯಾಮೆರಾಗೆ ಅದರ ತೂಕವೇ ಒಂದು ಸ್ಥಿರತೆ ಕೊಡುತ್ತಿತ್ತು.

ಶಬ್ದದ ವಿಚಾರವನ್ನು ವಿಮರ್ಶಕರು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಈ ಜಿಲ್ಲೆಯಲ್ಲಿ ಹಾಗೆ ಮುಗಿಸಲಾಗದು. ಇದು ಮಲೆ ಮಹದೇಶ್ವರನ, ಜನರ ಬಾಯಲ್ಲಿ ಮಾದಪ್ಪನ, ಸೀಮೆ. ಅವನ ಭಕ್ತರ ಬೀಸು ಕಂಸಾಳೆ ಕುಣಿತದಲ್ಲಿ ಕಂಚಿನ ತಾಳ ತಾಗಿದ ಕ್ಷಣದ ಸದ್ದು ಹಾಡುವವರ ದನಿಗಿಂತ ಎಷ್ಟೋ ಜೋರು. ಕ್ಯಾಮೆರಾದಲ್ಲಿ ಶಬ್ದದ ಮಟ್ಟವನ್ನು ತಾನಾಗಿ ಏರಿಸಿ ಇಳಿಸುವ ಏರ್ಪಾಡಿದೆ: ಜೋರಾದರೆ ತಗ್ಗಿಸು, ಮೆಲ್ಲಗಾದರೆ ಏರಿಸು. ತಾಳ ಬಿದ್ದಾಗ ಮಟ್ಟ ತಗ್ಗುತ್ತದೆ, ಅದರ ಜತೆಗೆ ಹಾಡೂ ಮುಳುಗುತ್ತದೆ. ತಾಳ ನಿಂತಾಗ ಮಟ್ಟ ಏರಿ, ಹಿಂದೆ ಕೂತವರ ಕೆಮ್ಮು, ಜನರೇಟರಿನ ಗುರುಗುರು ಮುಂದಕ್ಕೆ ಬರುತ್ತವೆ. ಹೊರಗಿನ ಮೈಕು ಚುಚ್ಚಲು ತೂತು ಇದ್ದರೆ ಅರ್ಧ ಸಮಸ್ಯೆ ತೀರುತ್ತದೆ. 2009ರ ಕೊಡಕ್ ಜೆಡ್‌ಐ8ರಲ್ಲಿ ಅದಿತ್ತು, ಆ ದರ್ಜೆಯ ಉಳಿದ ಬಹುತೇಕ ಕ್ಯಾಮೆರಾಗಳಲ್ಲಿ ಇರಲಿಲ್ಲ. ನನ್ನ ಕೇಳಿದರೆ ಪಿಕ್ಸೆಲ್ ದುಪ್ಪಟ್ಟು ಮಾಡುವುದಕ್ಕಿಂತ ಆ ತೂತು ಹೆಚ್ಚು ಬೆಲೆಯುಳ್ಳದ್ದು.

ಕಲ್ಯಾಣ ಮಂಟಪದೊಳಗೆ ಹೊಕ್ಕರೆ, ಬೇರೆ ದೇಶದ ವಿದ್ಯುತ್ತು ನಮ್ಮ ಮದುವೆಗೆ ಅಡ್ಡ ಬರುವ ವಿಚಿತ್ರ ಕಾಣುತ್ತದೆ. ನಮ್ಮ ವಿದ್ಯುತ್ತಿನ ಆವರ್ತನ 50 ಹರ್ಟ್ಸ್, ಆದ್ದರಿಂದ ಚೋಕಿನ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಹೆಚ್ಚುಕಡಿಮೆಯಾಗುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ. ಅಮೆರಿಕದ್ದು 60 ಹರ್ಟ್ಸ್, ಅಲ್ಲಿನ ದೀಪ 120 ಸಲ ಮಿನುಗುತ್ತದೆ. ಅಲ್ಲಿಗೆಂದು ಮಾಡಿದ ಕ್ಯಾಮೆರಾ ಸೆಕೆಂಡಿನ 60ನೇ ಒಂದು ಭಾಗದಷ್ಟು ಹೊತ್ತು ಬೆಳಕು ಹೀರಿದರೆ, ಅಲ್ಲಿ ಸರಿಯಾಗಿ ಎರಡು ಮಿನುಗು ಸಿಗುತ್ತವೆ. ಎಲ್ಲ ಸಾಲಿಗೂ ಸಮಪಾಲು. ಇಲ್ಲಿ ಅದೇ ಹೊತ್ತಿನಲ್ಲಿ ಸಿಗುವುದು ಒಂದೂ ಮುಕ್ಕಾಲಿಗೆ ಕೊಂಚ ಕಡಿಮೆ. ಸಾಲುಸಾಲಾಗಿ ಓದುವ ಸೆನ್ಸರಿನಲ್ಲಿ ಒಂದು ಸಾಲಿಗೆ ಹೆಚ್ಚು ಬೆಳಕು, ಮುಂದಿನದಕ್ಕೆ ಕಡಿಮೆ. ಫಲವಾಗಿ ಧಾರೆ ಎರೆಯುವ ಹೊತ್ತಿಗೆ ವಧೂವರರ ಮೇಲೆ ಮೂರು ಮಬ್ಬು ಪಟ್ಟಿ ಅಡ್ಡಡ್ಡ ಹರಿಯುತ್ತವೆ. ನೆಂಟರು ಕ್ಯಾಮೆರಾ ಕೆಟ್ಟಿತೆಂದು ತಿಳಿದುಕೊಳ್ಳುತ್ತಾರೆ. ಕೆಟ್ಟಿಲ್ಲ, ಊರು ತಪ್ಪಿದೆ. ಸೆಟ್ಟಿಂಗಿನಲ್ಲಿ 50 ಹರ್ಟ್ಸ್ ಎಂಬ ಆಯ್ಕೆ ಇದ್ದರೆ ಕ್ಷಣದಲ್ಲಿ ಸರಿಹೋಗುತ್ತದೆ. ಇಲ್ಲದಿದ್ದರೆ ಮಂಟಪವನ್ನು ಬಯಲಿಗೆ ತರಬೇಕು. ಈಗಿನ ಕಳಪೆ ಎಲ್‌ಇಡಿ ಬಲ್ಬುಗಳಲ್ಲೂ ಈ ಕಾಟ ಇದ್ದೇ ಇದೆ.

ಬಂಡೀಪುರದ ಸಂಜೆಯಲ್ಲಿ ಮಾತ್ರ ಹುರುಳಿಕಾಳು ಪೂರ್ತಿ ಸೋಲುತ್ತದೆ. ಸೂರ್ಯ ಇಳಿದ ಮೇಲೆ ಮರಗಳ ಕೆಳಗಿನ ಬೆಳಕು ಹತ್ತಾರು ಲಕ್ಸಿಗೆ ಬಂದಿರುತ್ತದೆ, ನಡುಹಗಲಿನ ಸಾವಿರದಲ್ಲೊಂದು ಪಾಲಿಗಿಂತ ಕಡಿಮೆ. ಬೆಳಕು ಕಣಕಣವಾಗಿ ಬರುತ್ತದೆ, ಅದರ ಬರುವಿಕೆಯಲ್ಲಿ ಸ್ವಾಭಾವಿಕವಾದ ಏರುಪೇರಿದೆ. ಅದರ ಪ್ರಮಾಣ ಕಣಗಳ ಸಂಖ್ಯೆಯ ವರ್ಗಮೂಲದಷ್ಟು. ಒಂದು ಪಿಕ್ಸೆಲಿಗೆ 10,000 ಕಣ ಬಿದ್ದರೆ ಏರುಪೇರು 100, ಅಂದರೆ ಶೇಕಡಾ 1, ಯಾರಿಗೂ ಕಾಣದು. 100 ಕಣವಷ್ಟೇ ಬಿದ್ದರೆ ಏರುಪೇರು 10, ಅಂದರೆ ಶೇಕಡಾ 10. ಪರದೆಯ ತುಂಬ ಚುಕ್ಕಿಗಳ ಕುಣಿತ. ಇದು ತಯಾರಕರ ತಪ್ಪಲ್ಲ, ಬೆಳಕಿನ ಸ್ವಭಾವವೇ ಹಾಗೆ. ಫೋಟೊ ತೆಗೆಯುವವರು ಷಟರನ್ನು ಒಂದು ಸೆಕೆಂಡು ತೆರೆದಿಟ್ಟು ಕಾಯಬಹುದು. ಸೆಕೆಂಡಿಗೆ 30 ಚಿತ್ರ ಕೊಡಬೇಕಾದ ವಿಡಿಯೊಗೆ ಒಂದೊಂದು ಚಿತ್ರಕ್ಕೂ ಸಿಗುವ ಕಾಲ ಮೂವತ್ತನೇ ಒಂದು ಸೆಕೆಂಡು ಮೀರುವಂತಿಲ್ಲ. ಆಮೇಲೆ ಉಳಿಯುವ ದಾರಿ ಸಂಕೇತವನ್ನು ವರ್ಧಿಸುವುದು, ಚುಕ್ಕಿಗಳೂ ವರ್ಧಿಸುತ್ತವೆ. ಸಂಕೋಚನದ ತಂತ್ರಾಂಶ ಆ ಚುಕ್ಕಿಗಳನ್ನೇ ಹೊಸ ವಿವರವೆಂದು ಭ್ರಮಿಸಿ ಬೈಟುಗಳನ್ನು ಅದಕ್ಕೇ ಸುರಿಯುತ್ತದೆ. ಹಿಂದೆ ವಿಡಿಯೊದವರ ಜತೆ ಕಣ್ಣು ಕುಕ್ಕುವ ಹ್ಯಾಲೊಜೆನ್ ದೀಪ ಹಿಡಿದು ಒಬ್ಬ ಹುಡುಗ ಬರುತ್ತಿದ್ದನಲ್ಲ, ಅವನು ಈ ವರ್ಗಮೂಲದ ವಿರುದ್ಧವೇ ಹೋರಾಡುತ್ತಿದ್ದ.

ಜೂಮ್ ಇದೆಯಲ್ಲ ಎನ್ನಬಹುದು. ನೂರು ಮೀಟರ್ ದೂರದಲ್ಲಿ ಮೂರು ಮೀಟರ್ ಎತ್ತರದ ಆನೆ ನಿಂತಿದೆ ಎನ್ನಿ. ಲೆನ್ಸಿನ ನೋಟ 45 ಡಿಗ್ರಿ ಆದರೆ ಅಷ್ಟು ದೂರದಲ್ಲಿ ಚಿತ್ರದ ಅಗಲ ಸುಮಾರು 83 ಮೀಟರ್. ಆನೆಯ ಪಾಲಿಗೆ ಬರುವುದು 720 ಸಾಲಿನಲ್ಲಿ ಹೆಚ್ಚೆಂದರೆ 46. ಅದೇ ಜಾಗದಲ್ಲಿ ಹುಲಿ ನಿಂತಿದ್ದರೆ 15 ಸಾಲು. ಪಟ್ಟೆ ಹೋಗಲಿ, ಹುಲಿಯೋ ಜಿಂಕೆಯೋ ಎಂದು ಜಗಳ ಆಡಬೇಕು. ಡಿಜಿಟಲ್ ಜೂಮ್ ಆ 15 ಸಾಲುಗಳನ್ನೇ ಹಿಗ್ಗಿಸಿ ತೋರಿಸುತ್ತದೆ, ಹದಿನಾರನೆಯದನ್ನು ತರುವುದಿಲ್ಲ.

ಇಷ್ಟಾದರೂ ಇದೇ ಕಾಡಿನಲ್ಲಿ, ಇದೇ ಕತ್ತಲಲ್ಲಿ, ಹುಲಿಗಳ ಲೆಕ್ಕ ಕೊಡುತ್ತಿರುವುದು ಇಂಥದೇ ಸಣ್ಣ ಸೆನ್ಸರಿನ ಡಬ್ಬಿಗಳು. ಮರಕ್ಕೋ ಗೂಟಕ್ಕೋ ಕಟ್ಟಿಬಿಡುವ ಕ್ಯಾಮೆರಾ ಟ್ರ್ಯಾಪ್ ದೂರದ ಹುಲಿಯನ್ನು ಅರಸುವುದಿಲ್ಲ. ಹುಲಿ ನಡೆಯುವ ದಾರಿಯ ಮಗ್ಗುಲಲ್ಲೇ, ಕೆಲವು ಮೀಟರ್ ಅಂತರದಲ್ಲಿ ಕಾದಿರುತ್ತದೆ. ಅಷ್ಟು ಹತ್ತಿರದಲ್ಲಿ ಹುಲಿಯ ಮೈ ಚಿತ್ರದ ತುಂಬ ಬರುತ್ತದೆ. ಮೈಯ ಶಾಖವನ್ನು ಅರಿತು ಡಬ್ಬಿ ಎಚ್ಚರಗೊಳ್ಳುತ್ತದೆ. ಇರುಳಿನ ಬೆಳಕಿಗಾಗಿ ಹಲವು ಮಾದರಿಗಳಲ್ಲಿ ಅವಕೆಂಪು ಎಲ್‌ಇಡಿಗಳಿರುತ್ತವೆ. ಬಣ್ಣ ಹೋದರೆ ಹೋಗಲಿ, ಪಟ್ಟೆ ಗುರುತಿಸಲು ಕಪ್ಪು ಬಿಳುಪು ಸಾಕು. ಕಟ್ಟಿಹಾಕಿದ ಡಬ್ಬಿಗೆ ಕೈನಡುಕವಿಲ್ಲ, ಶಬ್ದದ ಗೊಡವೆಯಿಲ್ಲ. ಪಟ್ಟೆಗಳಿಂದ ಒಂದೊಂದು ಹುಲಿಯನ್ನೂ ಬೇರೆಬೇರೆಯಾಗಿ ಗುರುತಿಸಿ ಒಟ್ಟು ಸಂಖ್ಯೆ ಅಂದಾಜಿಸುವ ವಿಧಾನವನ್ನು ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಪಕ್ಕದ ನಾಗರಹೊಳೆಯಲ್ಲಿ ಬಳಸಿ 1995ರಲ್ಲಿ ಪ್ರಕಟಿಸಿದರು. ಆಗ ಇದ್ದದ್ದು ಫಿಲ್ಮು, ಫ್ಲ್ಯಾಷು. 2018ರ ರಾಷ್ಟ್ರೀಯ ಹುಲಿ ಗಣತಿಯಲ್ಲಿ ದೇಶದ 26,838 ಜಾಗಗಳಲ್ಲಿ ಕ್ಯಾಮೆರಾ ಇಟ್ಟು ಮೂರು ಕೋಟಿ ನಲವತ್ತೆಂಟು ಲಕ್ಷಕ್ಕೂ ಹೆಚ್ಚು ಚಿತ್ರ ತೆಗೆದರು, ಗಿನ್ನೆಸ್ ದಾಖಲೆಯೂ ಆಯಿತು. ಅವುಗಳಿಂದ ಬಿಡಿಬಿಡಿಯಾಗಿ ಗುರುತು ಸಿಕ್ಕ ಹುಲಿಗಳು 2,461. ಹುಲಿಯ ಎಡಮಗ್ಗುಲಿನ ಪಟ್ಟೆಗೂ ಬಲಮಗ್ಗುಲಿನ ಪಟ್ಟೆಗೂ ಹೋಲಿಕೆ ಇರುವುದಿಲ್ಲವಾದ್ದರಿಂದ ಒಂದೇ ಡಬ್ಬಿ ಇಟ್ಟರೆ ಕೆಲಸ ಕೆಟ್ಟಿತು. ಕಾಡಿನ ಸಿಬ್ಬಂದಿ ದಾರಿಯ ಎರಡೂ ಬದಿಗೆ ಒಂದೊಂದು ಕಟ್ಟುತ್ತಾರೆ, ಒಂದರ ಫ್ಲ್ಯಾಷು ಇನ್ನೊಂದರ ಕಣ್ಣಿಗೆ ನೇರ ಹೊಡೆಯದಂತೆ ತುಸು ಓರೆ ಮಾಡಿ.